ಮಂಡಿಮಟ್ಟದ ಕಡಲು

ಬೆಳಗ್ಗೆ ತಿಂಡಿಯ ಹೊತ್ತಿಗೆ ಅತ್ತೆ ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು. ಕೇಳದೆ, ಅವನ ತಟ್ಟೆಗೆ ಇನ್ನೊಂದು ಬ್ರೆಡ್ಡು ಹಾಕಿ, “ತಗೊಳ್ಳಿ ಅಳಿಯಂದ್ರೇ, ಇವತ್ತು ಬೋರ್ಡು ಬರೆಯೋ ದಿನ. ನಿಂತು ನಿಂತು ಸುಸ್ತಾಗುತ್ತೆ” ಎಂದರು, ಅಷ್ಟೆ. ಈಗ ಅವನು ಕಡಲ ದಂಡೆಯಲ್ಲಿ, ಹಲಗೆಯ ಮೇಲೆ ಅಲೆ ಏರುವುದನ್ನು ಕಲಿಸುವ ಸರ್ಫಿಂಗ್ ಶಾಲೆಯ ಮುಂದೆ ಸ್ಟೂಲು ಹತ್ತಿ ಸೀಮೆಸುಣ್ಣ ಹಿಡಿದು ನಿಂತಿದ್ದ. ಎದುರಿಗೆ ಕರಿ ಬೋರ್ಡು, ಬೆನ್ನ ಹಿಂದೆ ಕಡಲು. ಮುಂದಿನ ಮೂರು ವಾರ ಆ ಕಡಲು ಹೇಗಿರುತ್ತದೆ ಎಂದು ಬರೆಯುವುದು ಅವನ ಕೆಲಸ: ಅಲೆ ಎಷ್ಟೆತ್ತರ, ಗಾಳಿ ಯಾವ ಕಡೆಯಿಂದ, ಉಬ್ಬರ ಯಾವಾಗ, ಮಳೆ ಇದೆಯೋ ಇಲ್ಲವೋ. ಒಳಗಿನ ಪುಟ್ಟ ಕೋಣೆಯಲ್ಲಿ ಕಂಪ್ಯೂಟರಿನ ಅಂಕಿಗಳನ್ನು ನೋಡಿ, ಕೂಡಿ ಕಳೆದು, ಹೊರಗೆ ಬಂದು ಬರೆಯುತ್ತಿದ್ದ. ಎದುರಿನ ಚಹಾ ಅಂಗಡಿಯವನು ಅವನಿಗೆ ಇಟ್ಟ ಹೆಸರು ಅಲೆ ಗುಮಾಸ್ತ. ಈಗ ಎಲ್ಲರ ಬಾಯಲ್ಲೂ ಅದೇ.

ಮಳೆ ಗಾಳಿಯ ಮಾತು ಹೇಗೋ ಆಗುತ್ತದೆ, ಕಷ್ಟವೆಲ್ಲ ಅಲೆಯದು. ಮೀಟರಿನಲ್ಲಿ ಬರೆದರೆ ಯಾರ ತಲೆಗೂ ಹತ್ತುವುದಿಲ್ಲ. ಈ ದಂಡೆಯಲ್ಲಿ ಮೊದಲಿನಿಂದಲೂ ಅಲೆಯನ್ನು ಮೈಯಿಂದಲೇ ಅಳೆಯುವುದು: ಮಂಡಿಮಟ್ಟ, ತೊಡೆಮಟ್ಟ, ಸೊಂಟಮಟ್ಟ, ಎದೆಮಟ್ಟ, ಅದರಾಚೆ ತಲೆಮಟ್ಟ, ಅದಕ್ಕೂ ಆಚೆ ಮನೆಗೆ ಹೋಗಿ ಮಲಗುವುದು. ಈ ಋತುವಿನ ಮೊದಲಲ್ಲಿ ಕೆಲಸಕ್ಕೆ ಸೇರಿದಾಗ, ಶಿಸ್ತಿನ ಮನುಷ್ಯ ನೋಡಿ, ಎಷ್ಟು ಮೀಟರಿಗೆ ಯಾವ ಅಂಗ ಎಂದು ಖಚಿತ ಮಾಡಿಕೊಳ್ಳಲು ಮನೆಯ ಗೋಡೆಗೆ ಬೆನ್ನು ಕೊಟ್ಟು ನಿಂತು ಹೆಂಡತಿಯ ಕೈಗೆ ಟೇಪು ಕೊಟ್ಟಿದ್ದ. “ಬೆರಳ ತುದೀಲಿ ನಿಲ್ಲಬೇಡಿ” ಎಂದು ಅವಳು ಗದರಿದ್ದಳು. “ನಿಂತಿಲ್ಲ.” “ನಿಂತಿದೀರಿ, ಹಿಮ್ಮಡಿ ಕಾಣ್ತಿದೆ.” ಹಿಮ್ಮಡಿ ಊರಿದ. ಅಂದಿನಿಂದ ಲೆಕ್ಕ ಪಕ್ಕಾ ಎಂದುಕೊಂಡಿದ್ದ. ಆದರೂ ಹಲಗೆ ಹೊತ್ತು ಬಂದವರು ಸಂಜೆ ಮುಖ ಸಪ್ಪೆ ಮಾಡಿಕೊಂಡು, “ಎದೆಮಟ್ಟ ಅಂದ್ರಲ್ಲ ಗುಮಾಸ್ತರೇ, ಸೊಂಟಾನೂ ದಾಟಲಿಲ್ಲ” ಎನ್ನುತ್ತಿದ್ದರು. ಅವನು ಅಂಕಿಗಳನ್ನು ಬೈದುಕೊಂಡ, ನೀರಿನಡಿಯ ಮರಳ ದಿಬ್ಬವನ್ನು ಬೈದುಕೊಂಡ. ತಪ್ಪು ಎನ್ನಿಸಿಕೊಳ್ಳುವುದೆಂದರೆ ಅವನಿಗೆ ಚಿಕ್ಕಂದಿನಿಂದಲೂ ಮೈಯೆಲ್ಲ ಸುಟ್ಟ ಹಾಗಾಗುತ್ತದೆ. ಶಾಲೆಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತದೆ ಕೂತವನು. ಹಾಗಾಗಿ ಬೋರ್ಡಿನ ಮೇಲೆ ಪ್ರತಿ ಸಾಲಿನ ಬಾಲಕ್ಕೂ ಒಂದೊಂದು ‘ಬಹುದು’ ಕಟ್ಟತೊಡಗಿದ. ಅಲೆ ಏಳಬಹುದು. ಗಾಳಿ ತಿರುಗಬಹುದು, ತಿರುಗದೆಯೂ ಇರಬಹುದು. ಈ ಚಟ ಮನೆಗೂ ಬಂತು. ಸಾರಿಗೆ ಉಪ್ಪು ಸರಿಯಾಗಿದೆಯಾ ಎಂದು ಹೆಂಡತಿ ಕೇಳಿದರೆ “ಸರಿಯಾಗಿರಬಹುದು” ಎಂದು ಬೈಸಿಕೊಂಡಿದ್ದ.

ಆದರೆ ಇವತ್ತಿನ ಸಂಕಟ ಬೇರೆ. ಅತ್ತೆ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಬಸ್ಸಿನೊಳಗೆ ಕತ್ತು ಬಗ್ಗಿಸಿಯೇ ನಿಲ್ಲಬೇಕಾದಷ್ಟು ಎತ್ತರ, ಹಿಂದಿನ ಸೀಟಿನಿಂದ ಕೂಗಿದರೆ ಡ್ರೈವರಿಗೆ ಮಾತ್ರವಲ್ಲ ಮುಂದಿನ ಬಸ್ಸಿಗೂ ಕೇಳುವಂಥ ದನಿ. ಮಗಳ ಮನೆಗೆ ಇರಲು ಬಂದ ಮೊದಲ ವಾರವೇ ದಂಡೆಯಲ್ಲಿ ಜನ ಅಲೆಯ ಮೇಲೆ ಹಲಗೆ ಹಾಕಿ ಎದ್ದು ನಿಲ್ಲುವುದನ್ನು ಕಂಡು, “ಓಡೋ ಬಸ್ಸಲ್ಲಿ ಏನೂ ಹಿಡ್ಕೊಳ್ಳದೆ ನಿಂತವಳು ನಾನು, ಇದೇನು ಮಹಾ!” ಎಂದು ಹೋಗಿ ಹೆಸರು ಬರೆಸಿಬಿಟ್ಟಿದ್ದರು. ಮಗಳು ಹಣೆ ಚಚ್ಚಿಕೊಂಡಳು. ಶಾಲೆಗೆ ಒಂದು ನಿಯಮವಿತ್ತು: ಅರವತ್ತು ದಾಟಿದವರನ್ನು ಮಂಡಿಮಟ್ಟದ ದಿನ ಮಾತ್ರ ನೀರಿಗಿಳಿಸುವುದು, ಅದೂ ಬೋರ್ಡಿನಲ್ಲಿ ಮುಂಚಿತವಾಗಿ ಹಾಗೆಂದು ಬರೆದಿದ್ದರೆ. ಎಪ್ಪತ್ತು ತುಂಬಿದವರನ್ನು ಇಳಿಸುವುದೇ ಇಲ್ಲ. ಮುಂದಿನ ಋತು ಬರುವಷ್ಟರಲ್ಲಿ ಅತ್ತೆಗೆ ಎಪ್ಪತ್ತು ತುಂಬುತ್ತದೆ. ಋತುವೆಲ್ಲ ಕಳೆಯುತ್ತ ಬಂದರೂ ಬೋರ್ಡಿನ ಮೇಲೆ ಒಂದು ದಿನವೂ ಮಂಡಿಮಟ್ಟ ಬಂದಿರಲಿಲ್ಲ. ಅತ್ತೆ ಪ್ರತಿ ವಾರ ತರಕಾರಿ ಚೀಲ ಹಿಡಿದು ಬಂದು, ಬೋರ್ಡು ಓದಿ, ಸುಮ್ಮನೆ ತರಕಾರಿ ತರಲು ಹೋಗುತ್ತಿದ್ದರು. ಉಳಿದದ್ದು ಈ ಮೂರು ವಾರ. ಈ ಮೂರು ವಾರ ತಪ್ಪಿದರೆ ಅವರ ಪಾಲಿಗೆ ಕಡಲೆಂದರೆ ದಂಡೆಯಿಂದ ನೋಡುವ ವಸ್ತುವೇ ಸೈ.

ಅವನು ಮೊದಲ ವಾರ ಬರೆದ. ದೂರದಲ್ಲೆಲ್ಲೋ ಎದ್ದ ಬಿರುಗಾಳಿಯ ಅಲೆಗಳು ಬರುತ್ತಿವೆ, ಒಂದಕ್ಕೂ ಇನ್ನೊಂದಕ್ಕೂ ಒಳ್ಳೆಯ ಅಂತರ, ಎದೆಮಟ್ಟ ಇರಬಹುದು. ಮೂರನೆಯ ವಾರವನ್ನೂ ಬರೆದುಬಿಟ್ಟ: ಗಾಳಿ ಅಡ್ಡಡ್ಡ ತಿರುಗಿ ಬೀಸುತ್ತದೆ, ಮೋಡ, ಮಳೆ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಹಾಗೆ ಅಲೆ ಒಂದು ಕಡೆ ಗಾಳಿ ಒಂದು ಕಡೆ, ಆಮೇಲೆ ಶಾಲೆಯ ಬಾಗಿಲು ಬಂದ್. ನಡುವಿನ ವಾರದ ಮೇಲೆ ಕೈ ನಿಂತಿತು. ಗಾಳಿ ಬಿದ್ದು, ಬೆಳಗ್ಗೆ ಬೆಳಗ್ಗೆ ನೀರು ಎಣ್ಣೆ ಸವರಿದ ಹಾಗೆ ನುಣ್ಣಗಿರುವ, ಬಿಸಿಲಿನ, ಈ ಋತುವಿನಲ್ಲೇ ಸೌಮ್ಯವಾದ ವಾರ. ಆದರೂ ಅವನ ಲೆಕ್ಕದಲ್ಲಿ ಅದು ತೊಡೆಮಟ್ಟ. ಒಂದು ಅಂಗ ಇಳಿಸಿ ಬರೆದರೆ ಯಾರಿಗೆ ತಿಳಿಯುತ್ತದೆ ಎಂದುಕೊಂಡ. ತಕ್ಷಣ ಅತ್ತೆ ಹಲಗೆಯ ಸಮೇತ ಎಲ್ಲೋ ಕೊಚ್ಚಿಕೊಂಡು ಹೋದಂತೆ, ಹೆಂಡತಿ ಬಾಗಿಲಲ್ಲಿ ನಿಂತು “ಅಮ್ಮ ಎಲ್ಲಿ?” ಎಂದು ಕೇಳಿದಂತೆ, ತಾನು “ಬರಬಹುದು” ಎಂದಂತೆ ಕಣ್ಣಿಗೆ ಕಟ್ಟಿ ಬೆವರಿದ. ಕೊನೆಗೆ ‘ಮಂಡಿಗಿಂತ ಕೊಂಚ ಮೇಲೆ’ ಎಂದು ಬರೆದು ಕೆಳಗಿಳಿದ. ಹಿಂದೆ ಶಾಲೆಯಲ್ಲಿ ತರಬೇತಿ ಕೊಡುವ ಹುಡುಗಿ ಒದ್ದೆ ಕೂದಲು ಹಿಂಡುತ್ತ ನಿಂತಿದ್ದಳು. ಅವಳು ಕಣ್ಣು ಕಿರಿದು ಮಾಡಿ ಓದಿದಳು.

“ಸಾರ್, ಮಂಡಿಗಿಂತ ಕೊಂಚ ಮೇಲೆ ಅಂದ್ರೆ ತೊಡೆ ತಾನೆ? ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು.”

ಅವಳಿಗೆ ಅವನ ಸಂಕಟ ಗೊತ್ತಿತ್ತೋ ಇಲ್ಲವೋ, ಅವನ ಕಿವಿ ಮಾತ್ರ ಬಿಸಿಯಾಯಿತು.

“ತೊಡೆ ಅಂತಲೇ ಬರೀತೀನಿ” ಎಂದು ಮತ್ತೆ ಸ್ಟೂಲು ಹತ್ತಿದ.

“ಹಾಗಾದ್ರೆ ನಿಮ್ಮ ಅತ್ತೆಯವರ ಹೆಸರು ತೆಗೆದುಬಿಡ್ಲಾ? ಪಾಪ, ವಾರಾ ವಾರಾ ಬಂದು ನೋಡ್ತಾರೆ. ಆಸೆ ಇಟ್ಕೊಂಡು ಕಾಯೋದಕ್ಕಿಂತ...”

“ತೆಗೆಯಬಹುದು” ಎಂದ ಅವನು, ಬೋರ್ಡಿಗೆ ಮುಖ ಮಾಡಿಯೇ.

ಸಂಜೆ ಅತ್ತೆ ಬಂದರು. ತಾವು ಕೆಲಸಕ್ಕೆ ಹಾಕಿಕೊಂಡು ಹೋಗುತ್ತಿದ್ದ ಖಾಕಿ ಪ್ಯಾಂಟು, ಕೈಯಲ್ಲಿ ಚೀಲ. ಬೋರ್ಡಿನ ಮುಂದೆ ಬಹಳ ಹೊತ್ತು ನಿಂತರು. ಅವನು ಕೋಣೆಯೊಳಗೆ ಇಲ್ಲದ ಕಾಗದ ಹುಡುಕುತ್ತ ಇದ್ದ. ಹೊರಗೆ ಬಂದಾಗ ಅತ್ತೆ ನಗುತ್ತಿದ್ದರು. “ಹೋಗ್ಲಿ ಬಿಡಿ. ಕಡಲು ನಮ್ಮ ಮಾತು ಕೇಳುತ್ತಾ? ನಡೀರಿ, ನೀರಂಚಲ್ಲೇ ಹೋಗೋಣ, ಕಾಲಾದ್ರೂ ನೆನೀಲಿ.” ಇಬ್ಬರೂ ನಡೆದರು. ಅತ್ತೆ ಅಳಿಯ ಜೊತೆಯಾಗಿ ನಡೆಯುವುದೆಂದರೆ ಅದೊಂದು ಕಸರತ್ತು. ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುವವರೇ. ಮನೆಯ ಬಾಗಿಲಲ್ಲೂ “ನೀವು ಮೊದಲು”, “ಇಲ್ಲ ಅತ್ತೆ, ನೀವು” ಎಂದು ನಿಂತು ಒಳಗಿನ ಅಡುಗೆ ಸೀದುಹೋದದ್ದುಂಟು. ಈಗ ಒಣ ಮರಳನ್ನು ಅಳಿಯನಿಗೆ ಬಿಟ್ಟು ತಾವು ನೀರಿನ ಕಡೆ ಹೋಗಲು ಅತ್ತೆ, ಅತ್ತೆಗೆ ಒಣ ಮರಳು ಬಿಡಲು ಅವನು, ಹೀಗೆ ಸರಿಯುತ್ತ ಸರಿಯುತ್ತ ಇಬ್ಬರೂ ನೀರಿನೊಳಕ್ಕೇ ಇಳಿದಿದ್ದರು. ನಿವೃತ್ತಿಯ ದಿನ ಅತ್ತೆಗೆ ಕೊಟ್ಟ ಗಡಿಯಾರ ನಿಂತುಹೋದ ವಿಷಯ ಮಾತಾಡುತ್ತಿದ್ದರು. ಆಗ ಅಲೆ ಬಂತು.

ದೊಡ್ಡದೇನಲ್ಲ. ಎದೆಮಟ್ಟದ ವಾರ ಶುರುವಾಗುವುದು ನಾಳೆ; ಇದು ಇವತ್ತಿನ ಸಂಜೆಗೆ ಅವನೇ ಹಿಂದಿನ ಸಲ ಬೋರ್ಡಿನಲ್ಲಿ ಬರೆದಿದ್ದ ತೊಡೆಮಟ್ಟದ ಅಲೆ. ಇಬ್ಬರಿಗೂ ಒಟ್ಟಿಗೆ ಬಡಿದು ಹಿಂದೆ ಸರಿಯಿತು. ಸದ್ಯ, ಇದೊಂದಾದರೂ ಸರಿಯಾಯಿತು ಎಂದು ಅವನು ತನ್ನ ಪ್ಯಾಂಟು ನೋಡಿಕೊಂಡ: ತೊಡೆಯವರೆಗೆ ಒದ್ದೆ. ಸಮಾಧಾನದಿಂದ ಅತ್ತೆಯ ಪ್ಯಾಂಟು ನೋಡಿದ: ಮಂಡಿಯವರೆಗೆ ಒದ್ದೆ, ಅದರ ಮೇಲೆ ಒಣ ಖಾಕಿ. ಅವನ ತಲೆಯೊಳಗೆ ಏನೋ ಮೆಲ್ಲಗೆ ತಿರುಗಿತು. ಅದೇ ಅಲೆ, ಅದೇ ಮರಳು, ಇಬ್ಬರ ಕಾಲೂ ಅಕ್ಕಪಕ್ಕ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಇಷ್ಟು ತಿಂಗಳು ಇಡೀ ದಂಡೆಗೆ ಅವನು ತನ್ನ ಮೈಯಿಂದ ಕಡಲನ್ನು ಅಳೆದು ಕೊಟ್ಟಿದ್ದ. ಕುಳ್ಳನ ಎದೆ ಉಳಿದವರಿಗೆ ಸೊಂಟ, ಕುಳ್ಳನ ತೊಡೆ ಉಳಿದವರಿಗೆ ಮಂಡಿ. ಹಾಗಾದರೆ ಮಂಡಿಮಟ್ಟದ ದಿನಗಳು ಎಷ್ಟು ಬಂದು ಹೋದವೋ! ಅವನು ಅತ್ತೆಯ ಮಂಡಿಯನ್ನೇ ನೋಡುತ್ತ ನಿಂತ. ಅತ್ತೆ ಅವನ ನೋಟವನ್ನು ಕಂಡರು. ಅಷ್ಟರಲ್ಲಿ ಇನ್ನೊಂದು ಅಲೆ ಬಂತು. ಅದು ಬಡಿಯುವ ಕ್ಷಣಕ್ಕೆ ಅತ್ತೆ, ಕಡಲಿನ ಆ ತುದಿಯಲ್ಲಿ ಏನೋ ಕಂಡವರ ಹಾಗೆ ಮುಖ ಆ ಕಡೆ ಮಾಡಿ, ಮೆಲ್ಲಗೆ ಎರಡೂ ಮಂಡಿ ಬಗ್ಗಿಸಿದರು. ನೀರು ಅವರ ತೊಡೆ ನೆನೆಸಿ ಹೋಯಿತು.

“ನೋಡಿ, ನನಗೂ ತೊಡೆವರೆಗೆ ಬಂತು” ಎಂದರು ಅತ್ತೆ. “ನೀವು ಬರೆದದ್ದು ಕರೆಕ್ಟಾಗಿದೆ ಅಳಿಯಂದ್ರೇ.”

ಮನೆಗೆ ಬಂದಾಗ ಹೆಂಡತಿ ಇಸ್ತ್ರಿ ಮಾಡುತ್ತಿದ್ದಳು. ಅತ್ತೆ ಸ್ನಾನಕ್ಕೆ ಹೋದದ್ದನ್ನು ಖಚಿತ ಮಾಡಿಕೊಂಡು ಅವನು ದನಿ ತಗ್ಗಿಸಿ, “ಲೇ, ನಾನು ಅಷ್ಟು ಕುಳ್ಳನಾ?” ಎಂದ. ಅವಳು ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿ, ಬಾಯಿಗೆ ಸೆರಗು ಒತ್ತಿಕೊಂಡು, ಒತ್ತಿಕೊಂಡರೂ ತಡೆಯದೆ ನಕ್ಕಳು. ನಗು ನಿಂತ ಮೇಲೆ, “ಅಂತೂ ಗೊತ್ತಾಯ್ತಲ್ಲ. ಅಮ್ಮನಿಗೆ ಮೊದಲನೇ ವಾರಾನೇ ಗೊತ್ತಾಗಿತ್ತು” ಎಂದಳು.

“ಮತ್ತೆ ಹೇಳೋದಲ್ವಾ? ಅವರಿಗೇ ತಾನೆ ನಷ್ಟ?”

“ನಾನು ಹೇಳ್ತೀನಿ ಅಂದೆ. ಅಮ್ಮ ಬಿಡಲಿಲ್ಲ. ‘ಅಳಿಯಂದ್ರ ಮುಂದೆ ಎತ್ತರದ ಮಾತು ಎತ್ತಿದ್ರೆ ನೋಡು. ನನಗೆ ಕಡಲು ಸಿಕ್ಕದಿದ್ರೆ ಬೇಡ, ಅವರು ಮುಖ ಸಣ್ಣದು ಮಾಡ್ಕೋಬಾರದು’ ಅಂದ್ರು. ಮದುವೇಲೂ ಹಾಗೇ ಮಾಡಿದ್ರಲ್ಲ.”

ಮದುವೆಯಲ್ಲಿ ಫೋಟೋದವನು ಅವನ ಕಾಲಡಿಗೆ ಇಟ್ಟಿಗೆ ಇಡಿಸಲು ಹೊರಟಾಗ ಹೆಣ್ಣಿನ ಕಡೆಯವರಲ್ಲಿ ಯಾರೋ ಕಿಸಕ್ಕೆಂದದ್ದು ಅವನಿಗೆ ನೆನಪಿದೆ. ಆಮೇಲೆ ಇಟ್ಟಿಗೆ ಬರಲಿಲ್ಲ. ಎಲ್ಲರೂ ನೆಲದ ಮೇಲೆ ಕೂತರು, ಮದುಮಕ್ಕಳು, ಮಾವ, ಚಿಕ್ಕಪ್ಪಂದಿರು, ಪಟ್ಟೆ ಸೀರೆಯ ಅತ್ತೆ, ಎಲ್ಲರೂ. ಅದು ಫೋಟೋದವನ ಹೊಸ ಬಗೆಯ ಕಲೆ ಎಂದೇ ಅವನು ಇಂದಿನವರೆಗೆ ನಂಬಿದ್ದ. “ಎಲ್ಲಾರೂ ಕೂತ್ಕೊಳ್ಳಿ ಅಂತ ಅಮ್ಮ ಒಂದು ಕೂಗು ಹಾಕಿದ್ರು ನೋಡಿ, ಬಸ್ಸಲ್ಲಿ ಹಾಕ್ತಿದ್ರಲ್ಲ, ಹಾಗೆ” ಎಂದಳು ಹೆಂಡತಿ. ಗೋಡೆಯ ಮೇಲೆ ಆ ಫೋಟೋ ಇತ್ತು. ಅವನು ಹತ್ತಿರ ಹೋಗಿ ನೋಡಿದ. ಎತ್ತರದ ಹೆಂಗಸೊಬ್ಬರು ಮಂಡಿ ಮಡಚಿ, ಕಷ್ಟಪಟ್ಟು, ಹೊಸ ಸೀರೆಯಲ್ಲಿ ನೆಲದ ಮೇಲೆ ಕೂತು ನಗುತ್ತಿದ್ದರು. ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಅತ್ತೆಯ ಮೇಲೆ ತಡೆಯಲಾಗದ ಪ್ರೀತಿ ಬಂತು. ಹೆತ್ತಮ್ಮನಿಗೂ ಅವನು ಇಷ್ಟು ಸಾಲಗಾರನಾಗಿರಲಿಲ್ಲ. ಬಚ್ಚಲಿನಿಂದ ಅತ್ತೆ ಏನೋ ಗುನುಗುವುದು ಕೇಳಿಸುತ್ತಿತ್ತು.

ಮರುದಿನ ಬೆಳಗ್ಗೆ ಅವನು ಬೋರ್ಡು ಒರೆಸುವಾಗ ಕೈ ಎರಡು ಸಲ ನಿಂತಿತು. ಇದು ನ್ಯಾಯವೋ, ಅತ್ತೆಗಾಗಿ ಕಡಲನ್ನು ತಗ್ಗಿಸುವ ಹುನ್ನಾರವೋ ಎಂಬ ಅನುಮಾನ ಮತ್ತೆ ಕಚ್ಚಿತು. ಸೀದಾ ಹೋಗಿ ತರಬೇತಿಯ ಹುಡುಗಿಯನ್ನೇ ಕೇಳಿದ, ಮಂಡಿಮಟ್ಟದ ನಿಯಮ ಮಾಡಿದಾಗ ಅದು ಯಾರ ಮಂಡಿಯಾಗಿತ್ತು ಎಂದು. “ನಿಮಗಿಂತ ಮೊದಲು ಬರೀತಿದ್ದ ಹಳೇ ಗುಮಾಸ್ತರದು. ಆ ಬಾಗಿಲಲ್ಲಿ ಬಗ್ಗಿ ಬರ್ತಿದ್ರಲ್ಲ, ಅವರದು” ಎಂದು ಹೇಳಿ ಅವಳು ತನ್ನ ಕಾಲನ್ನು ನೋಡಿದಳು, ಆಮೇಲೆ ಅವನ ಕಾಲನ್ನು ನೋಡಿದಳು, ಆಮೇಲೆ “ಅಯ್ಯೋ” ಎಂದು ಬಾಯಿ ಮುಚ್ಚಿಕೊಂಡಳು. ಅವನು ಸ್ಟೂಲು ಹತ್ತಿ ಬರೆಯತೊಡಗಿದ. ಎದೆಮಟ್ಟ ಇದ್ದಲ್ಲಿ ಸೊಂಟಮಟ್ಟ. ನಡುವಿನ ವಾರಕ್ಕೆ, ದಪ್ಪ ಅಕ್ಷರದಲ್ಲಿ, ಮಂಡಿಮಟ್ಟ. ಚಹಾ ಅಂಗಡಿಯವನು ಲೋಟ ತೊಳೆಯುವುದನ್ನು ಬಿಟ್ಟು ಬಂದ, ಹಲಗೆಯವರು ಬಂದರು, ಶಾಲೆಯ ಯಜಮಾನನೂ ಬಂದ.

“ಏನ್ ಗುಮಾಸ್ತರೇ, ರಾತ್ರೋರಾತ್ರಿ ಕಡಲು ಇಳಿದುಹೋಯ್ತಾ?” ಎಂದ ಚಹಾದವನು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವನದು. ಎತ್ತರದ ಮಾತು ಬಂದಲ್ಲೆಲ್ಲ ಇಷ್ಟು ಕಾಲ ಕುರ್ಚಿ ಹುಡುಕಿ ಕೂತುಬಿಡುತ್ತಿದ್ದ. ಈಗ ಸ್ಟೂಲಿನಿಂದ ಇಳಿದು, ನೆಲದ ಮೇಲೆ, ಅವರೆಲ್ಲರ ಭುಜದ ಕೆಳಗೆ ನಿಂತು ಹೇಳಿದ: “ಕಡಲು ಇಳೀಲಿಲ್ಲ. ನಾನು ಕುಳ್ಳ. ಇಷ್ಟು ದಿನ ನನ್ನ ಮೈ ಅಳತೇಲಿ ಬರೆದುಬಿಟ್ಟಿದ್ದೆ.”

ಎಲ್ಲರೂ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ದಂಡೆಯೇ ನಕ್ಕಿತು. ಚಹಾದವನು ಹೊಟ್ಟೆ ಹಿಡಿದುಕೊಂಡು ಮರಳಿನ ಮೇಲೆ ಕೂತ. ‘ಎದೆಮಟ್ಟ’ ನಂಬಿ ಮೋಸಹೋದ ಹಲಗೆಯವನೊಬ್ಬ ಬಂದು ಗುಮಾಸ್ತನ ಎದೆಯ ಎತ್ತರಕ್ಕೆ ಕೈ ಹಿಡಿದು, ಅದೇ ಕೈಯನ್ನು ತನ್ನ ಹೊಟ್ಟೆಯ ಕಡೆ ತಂದು, “ಹೌದು ಕಣ್ರೋ!” ಎಂದು ಕೂಗಿದ. ಗುಮಾಸ್ತನ ಮುಖ ಕೆಂಪಾಯಿತು, ಕಿವಿ ಸುಟ್ಟಿತು, ಆದರೆ ಓಡಿಹೋಗಬೇಕೆನ್ನಿಸಲಿಲ್ಲ. ಯಜಮಾನ ನಗು ನುಂಗಿಕೊಂಡು, “ಹಾಗಾದ್ರೆ ಇನ್ಮೇಲೆ ಯಾರ ಮಂಡಿ ಲೆಕ್ಕ?” ಎಂದು ಕೇಳಿದ.

“ನಮ್ಮ ಅತ್ತೇದು” ಎಂದ ಅವನು.

ಆ ದಿನ ಬಂದಾಗ ಕಡಲು ಅವನು ಬರೆದಂತೆಯೇ ಇತ್ತು. ಗಾಳಿ ಇರಲಿಲ್ಲ. ಬಿಸಿಲು ಇನ್ನೂ ಎಳೆಯದು, ನೀರು ಮಿರಿಮಿರಿ ಎನ್ನುತ್ತಿತ್ತು. ಅತ್ತೆ ಶಾಲೆಯ ಕಪ್ಪು ರಬ್ಬರಿನ ಉಡುಪಿನೊಳಗೆ ತೂರಿಕೊಳ್ಳಲು ಮಗಳ ಸಹಾಯ ತಗೊಂಡು, “ಉಸಿರು ಬಿಟ್ರೆ ಹರಿಯುತ್ತೆ ಕಣೇ” ಎನ್ನುತ್ತ ಹೊರಗೆ ಬಂದರು. ಮರಳಿನ ಮೇಲೆ ಮಲಗಿ, ಕೈಯೂರಿ, ಜಿಗಿದೆದ್ದು ನಿಲ್ಲುವ ಪಾಠವಾಯಿತು. ಮತ್ತೆ ಹೆಸರು ಬರೆಸಿದ ಅತ್ತೆಯೂ ಸೇರಿ ಅಂದು ಇಳಿಯುವ ಹಿರಿಯರು ಮೂವರಿದ್ದರು, ತರಬೇತಿಯ ಹುಡುಗಿ ಒಬ್ಬಳೇ. ಅವಳು ಸುತ್ತ ನೋಡಿ, “ಸಾರ್, ನಿಮ್ಮ ಅತ್ತೇನ ನೀವೇ ನೋಡ್ಕೊಳ್ಳಿ. ಅಲೆ ಬಂದಾಗ ಹಿಂದಿನಿಂದ ತಳ್ಳಿ ಬಿಡೋದಷ್ಟೆ. ಯಾವ ಅಲೆ ಅಂತ ಆರಿಸೋದು ನಿಮ್ಮ ಕೆಲಸಾನೇ ಅಲ್ವಾ?” ಎಂದಳು. ಅವನು ಅಂಕಿಗಳಲ್ಲಿ ಎಷ್ಟೋ ಅಲೆಗಳನ್ನು ನೋಡಿದವನು, ನೀರಿನಲ್ಲಿ ಒಂದನ್ನೂ ಆರಿಸಿದವನಲ್ಲ. “ನೀರಿಗಿಳ್ದ ಮೇಲೆ ಚಳಿಯೇನು ಮಳೆಯೇನು!” ಎಂದು ಹೆಂಡತಿ ದಂಡೆಯಿಂದ ಕೂಗಿದಳು. ಹಲಗೆಯ ಮೇಲೆ ಬೋರಲು ಮಲಗಿದ ಅತ್ತೆಯನ್ನು ತಳ್ಳಿಕೊಂಡು ಅವನು ನೀರು ಸೊಂಟಕ್ಕೆ ಬರುವವರೆಗೆ ಹೋದ, ಹಲಗೆಯ ಮೂತಿ ದಂಡೆಯ ಕಡೆ ತಿರುಗಿಸಿ ಹಿಡಿದು ನಿಂತ. ಅಲೆ ಬಂತು.

“ಇದಾ?” ಎಂದರು ಅತ್ತೆ.

“ಬೇಡ ಅತ್ತೆ, ಇದು ಬೇಗ ಒಡೆದುಬಿಡಬಹುದು.”

ಅದು ಬಹಳ ದೂರ ಚೆನ್ನಾಗಿ ಉರುಳಿಕೊಂಡು ಹೋಯಿತು. ಇನ್ನೊಂದು ಬಂತು. ಅದು ಸಣ್ಣದಿರಬಹುದು ಎನ್ನಿಸಿತು. ಮತ್ತೊಂದು ದೊಡ್ಡದಿರಬಹುದು ಎನ್ನಿಸಿತು. ಪಕ್ಕದಲ್ಲಿ ಉಳಿದಿಬ್ಬರು ಹಿರಿಯರು ಆಗಲೇ ಬಿದ್ದು ಎದ್ದು ಕೇಕೆ ಹಾಕುತ್ತಿದ್ದರು. ಅವನು ಹಲಗೆಯ ಅಂಚನ್ನು ಬೆರಳು ಬಿಳಿಚುವಷ್ಟು ಗಟ್ಟಿಯಾಗಿ ಹಿಡಿದಿದ್ದ. ತಾನು ಬಿಟ್ಟ ಮೇಲೆ ಆಗುವುದೆಲ್ಲ ತನ್ನ ತಪ್ಪು, ಹಿಡಿದಿರುವಷ್ಟು ಹೊತ್ತು ಯಾವ ತಪ್ಪೂ ಇಲ್ಲ. ಅತ್ತೆಯ ಕಾಲ್ಬೆರಳು ಚಳಿಗೆ ನಡುಗುತ್ತಿದ್ದುದನ್ನು ಕಂಡ. ಹಿಂದೆ ನೀರು ಮತ್ತೆ ಉಬ್ಬಿತು. ಇದು ಓರೆಯಾಗಿ ಬರುತ್ತಿದೆಯೇನೋ ಎಂದು ಅವನು ಯೋಚಿಸುತ್ತಿರುವಾಗ ಅತ್ತೆ ಕತ್ತು ಹಿಂದಕ್ಕೆ ತಿರುಗಿಸಿ, ಬಸ್ಸಿನ ಆ ತುದಿಗೆ ಕೇಳುವ ದನಿಯಲ್ಲಿ ಕೂಗಿದರು:

“ಅಯ್ಯೋ ಬಿಡೋ! ಬಿಡು ಅಂದ್ನಲ್ಲ!”

ಅವನು ಬಿಟ್ಟ. ಬಿಟ್ಟದ್ದಲ್ಲ, ಇದ್ದ ಬಲವನ್ನೆಲ್ಲ ಹಾಕಿ ತಳ್ಳಿದ. ಹಲಗೆ ಹಾರಿತು. ಅತ್ತೆಯ ಉದ್ದನೆಯ ಬೆನ್ನು ಎದ್ದಿತು, ಒಂದು ಮಂಡಿ ಎದ್ದಿತು, ಕೈಗಳು ಅಗಲವಾದವು. ಅಷ್ಟರಲ್ಲಿ ನಿಜಕ್ಕೂ ಓರೆಯಾಗಿ ಬಂದಿದ್ದ ಅಲೆ ಪಕ್ಕದಿಂದ ಒಡೆದು ಹಲಗೆಯನ್ನು ಮಗುಚಿ ಹಾಕಿತು. ಅತ್ತೆ ಕಾಣಿಸಲಿಲ್ಲ. ಬಿಳಿ ನೊರೆ ಮಾತ್ರ. ಅವನು ನೀರನ್ನು ಎರಡೂ ಕೈಯಲ್ಲಿ ಬಗೆಯುತ್ತ ಓಡಿದ. ಓಡಲಾಗದೆ ಮುಗ್ಗರಿಸಿ ಬಿದ್ದ, ಉಪ್ಪುನೀರು ಕುಡಿದ, ಎದ್ದ, “ಅತ್ತೆ, ಅತ್ತೆ” ಎಂದು ಕೂಗಿದ. ಅವನು ತಪ್ಪಿದ್ದ, ಎಲ್ಲರೆದುರು, ಬಿಸಿಲಿನಲ್ಲಿ, ಅನುಮಾನಕ್ಕೆ ಎಡೆಯಿಲ್ಲದಂತೆ ತಪ್ಪಿದ್ದ.

ನೊರೆಯ ನಡುವಿನಿಂದ ಅತ್ತೆ ಎದ್ದು ನಿಂತರು. ಬಿಳಿಗೂದಲು ಮುಖಕ್ಕೆಲ್ಲ ಅಂಟಿತ್ತು. ಅದನ್ನು ಎರಡು ಕೈಯಿಂದ ಬಾಗಿಲು ತೆರೆದ ಹಾಗೆ ಸರಿಸಿ, ಕೆಮ್ಮಿ, ಉಗುಳಿ, ಅವನನ್ನು ನೋಡಿದರು. ಆಮೇಲೆ ನಗತೊಡಗಿದರು. ಇಷ್ಟು ವರ್ಷದಲ್ಲಿ ಅವರು ಅಳಿಯನೆದುರು ಹೀಗೆ ಬಾಯಿಬಿಟ್ಟು ನಕ್ಕದ್ದನ್ನು ಅವನು ಕಂಡಿರಲಿಲ್ಲ.

“ಎಂಥಾ ದರಿದ್ರ ಅಲೆ ಆರಿಸಿ ಕೊಟ್ಯೋ!”

“ತಪ್ಪಾಯ್ತು ಅತ್ತೆ” ಎಂದ ಅವನು. ಮೈ ಸುಡಲಿ ಎಂದು ಕಾದ. ಸುಡಲಿಲ್ಲ. ಮೂಗಿನೊಳಗೆ ಉಪ್ಪುನೀರು ಉರಿಯುತ್ತಿತ್ತು, ದಂಡೆಯಲ್ಲಿ ಹೆಂಡತಿ ಚಪ್ಪಾಳೆ ತಟ್ಟುತ್ತ ಕುಣಿಯುತ್ತಿದ್ದಳು, ಅವನ ಬಾಯಿಂದ ಬರುತ್ತಿದ್ದುದು ನಗು ಎಂದು ಅವನಿಗೆ ತಡವಾಗಿ ತಿಳಿಯಿತು.

“ಆಗ್ಲಿ ಬಿಡು. ನಿಲ್ಲೋದರಲ್ಲಿದ್ದೆ, ಒಂದು ಕಾಲು ಬಾಕಿ ಇತ್ತು” ಎಂದು ಅತ್ತೆ ತೇಲಿ ಬಂದ ಹಲಗೆಯನ್ನು ಹಿಡಿದು ಅವನ ಕಡೆ ನೂಕಿದರು. “ತಗೋ. ಇನ್ನೊಂದು ಕೊಡು.”

ಅವನು ಹಲಗೆಯನ್ನು ಮತ್ತೆ ಕಡಲ ಕಡೆಗೆ ತಿರುಗಿಸಿದ.